ಮನೋವಿಜ್ಞಾನದ ಸಂಶೋಧನಾ ವಿಧಾನಗಳು ಮತ್ತು ಮೂಲ ಸಂಖ್ಯಾಶಾಸ್ತ್ರ

ಮನುಷ್ಯರ ಮತ್ತು ಪ್ರಾಣಿಗಳ ವರ್ತನೆ, ಅನುಭವ, ಮಾನಸಿಕ ಪ್ರಕ್ರಿಯೆಗಳ ಬಗೆಗಿನ ಹೇಳಿಕೆಗಳನ್ನು ಸಾಕ್ಷ್ಯದ ಒರೆಗೆ ಹಚ್ಚಲು ಬಳಸುವ ಕ್ರಮಬದ್ಧ ಕಾರ್ಯವಿಧಾನಗಳೇ ಮನೋವಿಜ್ಞಾನದ ಸಂಶೋಧನಾ ವಿಧಾನಗಳು. ಹಾಗೆ ದೊರೆತ ದತ್ತಾಂಶವನ್ನು ಸಂಕ್ಷೇಪಿಸಿ, ಅದರಿಂದ ಎಷ್ಟರ ಮಟ್ಟಿಗೆ ತೀರ್ಮಾನಕ್ಕೆ ಬರಬಹುದೆಂದು ಲೆಕ್ಕ ಹಾಕುವ ಗಣಿತಾಂಗ ಸಂಖ್ಯಾಶಾಸ್ತ್ರ. ಮನೋವಿಜ್ಞಾನಕ್ಕೆ ಎರಡು ವಿಶೇಷ ತೊಡಕುಗಳಿವೆ. ನೆನಪು, ಆತಂಕ, ಬುದ್ಧಿಶಕ್ತಿಗಳನ್ನು ನೇರವಾಗಿ ತೂಗುವ ತಕ್ಕಡಿ ಇಲ್ಲ. ಅವುಗಳ ಹೊರಗುರುತುಗಳನ್ನಷ್ಟೇ ಎಣಿಸಬಹುದು. ಅಲ್ಲದೆ, ತನ್ನನ್ನು ಅಳೆಯುತ್ತಿದ್ದಾರೆಂಬ ಅರಿವು ಅಳತೆಗೆ ಒಳಗಾದ ಮನುಷ್ಯನಿಗಿರುತ್ತದೆ, ಮತ್ತು ಆ ಅರಿವೇ ಅವನ ವರ್ತನೆಯನ್ನು ಬದಲಿಸುತ್ತದೆ. ಈ ಕ್ಷೇತ್ರದ ಬಹುಪಾಲು ನಿಯಮಗಳು ಈ ಎರಡು ತೊಡಕುಗಳಿಂದ ಆದ ಒಂದಲ್ಲ ಒಂದು ತಪ್ಪನ್ನು ಸರಿಪಡಿಸಲು ಹುಟ್ಟಿದವು.

ಪರಿಭಾಷೆ

ಕನ್ನಡದಲ್ಲಿ ಮನೋವಿಜ್ಞಾನ, ಮನಶ್ಶಾಸ್ತ್ರ ಎಂಬ ಎರಡು ಹೆಸರೂ ಬಳಕೆಯಲ್ಲಿವೆ. ತಾಂತ್ರಿಕ ಪದಗಳು ಒಂದು ಪಠ್ಯಪುಸ್ತಕದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ ಇಲ್ಲಿ ಬಳಸಿದವನ್ನು ಮೊದಲೇ ಗೊತ್ತುಪಡಿಸಿದೆ. ಬೇರೆ ಬೇರೆ ಬೆಲೆ ತಳೆಯಬಲ್ಲ ಯಾವುದೇ ಗುಣ ‘ಚಲಕ’. ಪರೀಕ್ಷಿಸಬಹುದಾದ ರೂಪದಲ್ಲಿ ಮುಂದಿಟ್ಟ ಊಹೆ ‘ಪ್ರಾಕ್ಕಲ್ಪನೆ’. ಯಾರ ಬಗ್ಗೆ ತೀರ್ಮಾನ ಬೇಕೋ ಆ ಇಡೀ ಸಮೂಹ ‘ಸಮಷ್ಟಿ’; ಅದರಿಂದ ಆಯ್ದು ನಿಜವಾಗಿ ಅಧ್ಯಯನ ಮಾಡಿದ ಭಾಗ ‘ಮಾದರಿ’. ಮತ್ತೆ ಮತ್ತೆ ಅಳೆದಾಗ ಒಂದೇ ಫಲ ಬರುವ ಗುಣ ‘ವಿಶ್ವಸನೀಯತೆ’. ಏನನ್ನು ಅಳೆಯುತ್ತೇವೆಂದು ಹೇಳುತ್ತೇವೋ ಅದನ್ನೇ ಅಳೆಯುವ ಗುಣ ‘ಸಪ್ರಮಾಣತೆ’. ಕಂಡ ವ್ಯತ್ಯಾಸವನ್ನು ಬರಿಯ ಆಕಸ್ಮಿಕದ ಲೆಕ್ಕಕ್ಕೆ ಹಾಕುವುದು ಕಷ್ಟ ಎನ್ನುವುದಕ್ಕೆ ‘ಸಾರ್ಥಕತೆ’ ಎನ್ನುತ್ತಾರೆ. ಈ ಕೊನೆಯದನ್ನು ‘ಮಹತ್ವ’ ಎಂದೂ ಅನುವಾದಿಸುವುದುಂಟು. ಆ ಪದ ಓದುಗರ ದಾರಿ ತಪ್ಪಿಸುತ್ತದೆ: ಸಾರ್ಥಕವೆಂದು ಸಾಬೀತಾದ ವ್ಯತ್ಯಾಸ ವ್ಯವಹಾರದಲ್ಲಿ ಯಾವ ಮಹತ್ವವೂ ಇಲ್ಲದಷ್ಟು ಅಲ್ಪವಾಗಿರಬಹುದು.

ಹುಟ್ಟು ಮತ್ತು ಬೆಳವಣಿಗೆ

ಮನಸ್ಸನ್ನು ಅಳೆಯುವ ಪ್ರಯತ್ನ 19ನೆಯ ಶತಮಾನದ ಜರ್ಮನಿಯಲ್ಲಿ ಶರೀರವಿಜ್ಞಾನದ ಮಗ್ಗುಲಲ್ಲೇ ಬೆಳೆಯಿತು. ಲೈಪ್‌ಜಿಗ್‌ನ ಗುಸ್ತಾವ್ ಫೆಕ್ನರ್ 1860ರಲ್ಲಿ ಪ್ರಕಟಿಸಿದ ಮನೋಭೌತಶಾಸ್ತ್ರದ ಗ್ರಂಥವು ಪ್ರಚೋದನೆಯ ಪ್ರಮಾಣಕ್ಕೂ ಸಂವೇದನೆಯ ತೀವ್ರತೆಗೂ ಇರುವ ಸಂಬಂಧವನ್ನು ಸೂತ್ರಕ್ಕಿಳಿಸಿತು. ಅದೇ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ತೆರೆದ ಪ್ರಯೋಗಶಾಲೆಯನ್ನು ಮನೋವಿಜ್ಞಾನ ಸ್ವತಂತ್ರ ಶಾಸ್ತ್ರವಾಗಿ ನಿಂತ ಗುರುತೆಂದು ಪರಿಗಣಿಸಲಾಗುತ್ತದೆ. ಅಲ್ಲಿ ಮುಖ್ಯ ಸಾಧನವಾಗಿದ್ದುದು ಅಂತರವಲೋಕನ, ಅಂದರೆ ತರಬೇತಿ ಪಡೆದ ವ್ಯಕ್ತಿ ತನ್ನ ಅನುಭವವನ್ನು ತಾನೇ ಗಮನಿಸಿ ವರದಿ ಮಾಡುವುದು. ಎರಡು ಪ್ರಯೋಗಶಾಲೆಗಳ ವರದಿಗಳು ಒಂದಕ್ಕೊಂದು ಹೊಂದದಿದ್ದಾಗ ಯಾರದು ಸರಿ ಎಂದು ತೀರ್ಮಾನಿಸಲು ದಾರಿಯೇ ಇರಲಿಲ್ಲ. ಜಾನ್ ವಾಟ್ಸನ್ 1913ರಲ್ಲಿ ಅಂತರವಲೋಕನವನ್ನೇ ಕೈಬಿಟ್ಟು ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನದ ವಸ್ತುವಾಗಿಸಬೇಕೆಂದು ವಾದಿಸಿದ್ದಕ್ಕೆ ಇದೇ ಹಿನ್ನೆಲೆ.

ಹರ್ಮನ್ ಎಬ್ಬಿಂಗ್‌ಹೌಸ್ ಬೇರೆ ದಾರಿ ಹಿಡಿದಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನ ನಂತರ ಎಷ್ಟು ಮರೆತುಹೋಗುತ್ತದೆ ಎಂಬುದನ್ನು ವರ್ಷಗಟ್ಟಲೆ ದಾಖಲಿಸಿ 1885ರಲ್ಲಿ ಪ್ರಕಟಿಸಿದರು. ಪ್ರಯೋಗಕಾರ, ಪ್ರಯೋಗಕ್ಕೊಳಗಾದವರು ಇಬ್ಬರೂ ಒಬ್ಬರೇ. ಆದರೂ ಮೊದಲು ಬೇಗ ಇಳಿದು ಆಮೇಲೆ ನಿಧಾನವಾಗುವ ಅವರ ಮರೆವಿನ ರೇಖೆ ಅನಂತರದ ಪರೀಕ್ಷೆಗಳಲ್ಲೂ ಉಳಿದುಕೊಂಡಿದೆ.

ಸಂಖ್ಯಾಶಾಸ್ತ್ರದ ಎಳೆ ಬಂದದ್ದು ಬ್ರಿಟನ್ನಿನಿಂದ. ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿದ ಫ್ರಾನ್ಸಿಸ್ ಗಾಲ್ಟನ್, ತೀರ ಎತ್ತರದವರ ಮಕ್ಕಳು ಸರಾಸರಿಯತ್ತ ಸರಿಯುವುದನ್ನು 1886ರಲ್ಲಿ ವರ್ಣಿಸಿದರು. 1888ರಲ್ಲಿ, ಎರಡು ಚಲಕಗಳು ಒಟ್ಟಿಗೆ ಏರಿಳಿಯುವುದನ್ನು ಅಳೆಯುವ ಸಹಸಂಬಂಧದ ಕಲ್ಪನೆಯನ್ನು ಮುಂದಿಟ್ಟರು. ಕಾರ್ಲ್ ಪಿಯರ್ಸನ್ ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ಗುಣಾಂಕದ ರೂಪ ಕೊಟ್ಟರು, 1900ರಲ್ಲಿ ಕೈ-ವರ್ಗ ಪರೀಕ್ಷೆಯನ್ನು ರೂಪಿಸಿದರು. ಗಾಲ್ಟನ್ ಮತ್ತು ಪಿಯರ್ಸನ್ ಇಬ್ಬರೂ ಮನುಷ್ಯಕುಲವನ್ನು ಆಯ್ದ ಸಂತಾನದಿಂದ ‘ಸುಧಾರಿಸಬೇಕು’ ಎಂಬ ಸುಜನನವಾದದ ಪ್ರಚಾರಕರಾಗಿದ್ದರು. ಈ ಸಾಧನಗಳು ಹುಟ್ಟಿದ ಉದ್ದೇಶಗಳಲ್ಲಿ ಅದೂ ಒಂದು. ವುಂಟ್ ಅವರ ಬಳಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಸಹಸಂಬಂಧಗಳ ಆಧಾರದ ಮೇಲೆ ಸಾಮಾನ್ಯ ಬುದ್ಧಿಶಕ್ತಿಯ ಸಿದ್ಧಾಂತವನ್ನು ಮಂಡಿಸಿದರು. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ವಿಲಿಯಂ ಗಾಸೆಟ್, ಸಣ್ಣ ಮಾದರಿಗಳಿಗೆ ಹೊಂದುವ ಟಿ-ವಿತರಣೆಯನ್ನು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ 1908ರಲ್ಲಿ ಪ್ರಕಟಿಸಿದರು. ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ರೊನಾಲ್ಡ್ ಫಿಶರ್ ಬರೆದ 1925 ಮತ್ತು 1935ರ ಎರಡು ಪುಸ್ತಕಗಳಿಂದ ವ್ಯತ್ಯಯ ವಿಶ್ಲೇಷಣೆಯೂ ಯಾದೃಚ್ಛಿಕ ಹಂಚಿಕೆಯೂ ಪ್ರಚಾರಕ್ಕೆ ಬಂದವು. ಹೊಲದ ಪಟ್ಟಿಗಳಿಗೆ ಗೊಬ್ಬರ ಹಂಚಲು ಮಾಡಿದ ಏರ್ಪಾಟು ಹೀಗೆ ಮನುಷ್ಯರನ್ನು ಗುಂಪು ಮಾಡುವ ಏರ್ಪಾಟಾಯಿತು.

ಪ್ರಯೋಗ ಮಾಡುವವರು, ಸಹಸಂಬಂಧ ಅಳೆಯುವವರು ಎಂಬ ಎರಡು ಪಂಗಡಗಳು ಬಹುಕಾಲ ಬೇರೆ ಬೇರೆಯಾಗಿಯೇ ನಡೆದವು. ಅವೆರಡೂ ಒಂದಾಗಬೇಕೆಂದು ಲೀ ಕ್ರಾನ್‌ಬಾಕ್ 1957ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷಭಾಷಣದಲ್ಲಿ ಕರೆ ಕೊಟ್ಟರು.

ಸಂಶೋಧನೆಯ ರಚನೆ

ಸಂಶೋಧನೆ ಒಂದು ಪ್ರಶ್ನೆಯಿಂದ ಹೊರಟು ಪ್ರಾಕ್ಕಲ್ಪನೆಗೆ ಇಳಿಯುತ್ತದೆ. ‘ನಿದ್ದೆ ಕೆಟ್ಟರೆ ಓದಿದ್ದು ತಲೆಗೆ ಹತ್ತುವುದಿಲ್ಲ’ ಎಂಬುದು ಲೋಕರೂಢಿಯ ಮಾತು. ಅದು ಪ್ರಾಕ್ಕಲ್ಪನೆಯಾಗಬೇಕಾದರೆ ನಿದ್ದೆ ಕೆಡುವುದೆಂದರೆ ಎಷ್ಟು ಗಂಟೆ, ತಲೆಗೆ ಹತ್ತುವುದೆಂದರೆ ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಎಂದು ಗೊತ್ತುಮಾಡಬೇಕು. ಅಮೂರ್ತ ಪರಿಕಲ್ಪನೆಯನ್ನು ಹೀಗೆ ಅಳೆಯುವ ಕ್ರಿಯೆಗೆ ಕಟ್ಟಿಹಾಕುವುದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಎಂದು ಹೆಸರು. ಸಂಶೋಧಕರು ಬದಲಿಸುವುದು ಸ್ವತಂತ್ರ ಚಲಕ. ಅದರ ಪರಿಣಾಮ ಎಲ್ಲಿ ಕಾಣಬೇಕೋ ಅದು ಪರತಂತ್ರ ಚಲಕ. ಇವೆರಡರ ನಡುವೆ ನುಸುಳಿ ಫಲಿತಾಂಶವನ್ನು ಕಲಕುವ ವಯಸ್ಸು, ಪೂರ್ವಜ್ಞಾನ, ಕೋಣೆಯ ಗದ್ದಲ ಮೊದಲಾದವು ಬಾಹ್ಯ ಚಲಕಗಳು. ಪ್ರಾಕ್ಕಲ್ಪನೆ ತಪ್ಪೆಂದು ತೋರುವ ಸಾಧ್ಯತೆಯಾದರೂ ಇರಬೇಕು. ಯಾವ ಫಲ ಬಂದರೂ ಸರಿಹೊಂದುವ ಹೇಳಿಕೆ ಪ್ರಾಕ್ಕಲ್ಪನೆ ಎನಿಸುವುದಿಲ್ಲ.

ಅಳತೆ

ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮಾಡಿದ ವರ್ಗೀಕರಣದಂತೆ ಅಳತೆಗಳು ನಾಲ್ಕು ಬಗೆ. ಮಾತೃಭಾಷೆ, ಲಿಂಗದಂಥ ಬರಿಯ ಹೆಸರಿನ ವಿಂಗಡಣೆ ನಾಮ ಮಾಪನ. ತರಗತಿಯ ರ‍್ಯಾಂಕಿನಂತೆ ಹಿಂದುಮುಂದು ಮಾತ್ರ ಹೇಳುವುದು ಕ್ರಮ ಮಾಪನ. ಮೊದಲ ಮತ್ತು ಎರಡನೆಯ ರ‍್ಯಾಂಕಿನ ನಡುವಿನ ಅಂತರ, ಎರಡನೆಯ ಮತ್ತು ಮೂರನೆಯದರ ನಡುವಿನದಕ್ಕೆ ಸಮವಾಗಿರಬೇಕಿಲ್ಲ. ಸೆಲ್ಸಿಯಸ್ ಉಷ್ಣತೆಯಂತೆ ಅಂತರಗಳು ಸಮವಾಗಿದ್ದೂ ನಿಜವಾದ ಸೊನ್ನೆ ಇಲ್ಲದಿರುವುದು ಅಂತರ ಮಾಪನ. ಪ್ರತಿಕ್ರಿಯೆಗೆ ಹಿಡಿದ ಕಾಲದಂತೆ ನಿಜವಾದ ಸೊನ್ನೆಯುಳ್ಳದ್ದು ಅನುಪಾತ ಮಾಪನ. ಬುದ್ಧಿಸೂಚ್ಯಂಕವನ್ನು ಸಾಮಾನ್ಯವಾಗಿ ಅಂತರ ಮಾಪನವೆಂದು ನಡೆಸಿಕೊಳ್ಳಲಾಗುತ್ತದೆ. 140 ಅಂಕದವರು 70 ಅಂಕದವರ ಎರಡರಷ್ಟು ಬುದ್ಧಿವಂತರೆನ್ನುವುದಕ್ಕೆ ಅರ್ಥವಿಲ್ಲ.

ವಿಶ್ವಸನೀಯತೆಯನ್ನು ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟು, ಪರೀಕ್ಷೆಯನ್ನು ಎರಡು ಭಾಗ ಮಾಡಿ ಹೋಲಿಸಿ, ಅಥವಾ ಇಬ್ಬರು ಮೌಲ್ಯಮಾಪಕರ ಅಂಕಗಳನ್ನು ತಾಳೆ ನೋಡಿ ಅಂದಾಜು ಮಾಡುತ್ತಾರೆ. ಪ್ರಶ್ನೆಗಳ ಒಳಹೊಂದಾಣಿಕೆಯನ್ನು ಸೂಚಿಸುವ ಕ್ರಾನ್‌ಬಾಕ್ ಆಲ್ಫಾ 1951ರಿಂದ ಬಳಕೆಯಲ್ಲಿದೆ. ಸಪ್ರಮಾಣತೆ ಇದಕ್ಕಿಂತ ಕಠಿಣ ವಿಷಯ. ದಿನವೂ ಐದು ನಿಮಿಷ ಮುಂದಿರುವ ಗಡಿಯಾರ ವಿಶ್ವಸನೀಯ, ಆದರೆ ಸಪ್ರಮಾಣವಲ್ಲ. ಪರೀಕ್ಷೆಯೊಂದು ವಿಷಯದ ಎಲ್ಲ ಭಾಗವನ್ನೂ ಒಳಗೊಂಡಿದೆಯೇ, ಮುಂದಿನ ಸಾಧನೆಯನ್ನು ಮುನ್ಸೂಚಿಸುತ್ತದೆಯೇ, ಸಿದ್ಧಾಂತ ಹೇಳುವ ಸಂಬಂಧಗಳನ್ನು ತೋರುತ್ತದೆಯೇ ಎಂಬ ಮೂರು ದಿಕ್ಕಿನಿಂದ ಅದನ್ನು ಪರಿಶೀಲಿಸುತ್ತಾರೆ.

ವಿಧಾನಗಳು

ಅವಲೋಕನ. ವರ್ತನೆಯನ್ನು ಅದು ನಡೆಯುವ ಜಾಗದಲ್ಲೇ, ಅಡ್ಡಬರದೆ ನೋಡಿ ದಾಖಲಿಸುವುದು ಸಹಜ ಅವಲೋಕನ. ಅಂಗನವಾಡಿಯ ಮಕ್ಕಳು ಆಟಿಕೆಗಾಗಿ ಎಷ್ಟು ಸಲ ಜಗಳವಾಡುತ್ತಾರೆಂದು ತಿಳಿಯಬೇಕಾದರೆ ‘ಜಗಳ’ ಯಾವುದು, ಎಷ್ಟು ನಿಮಿಷಕ್ಕೊಮ್ಮೆ ಗುರುತು ಹಾಕಬೇಕು ಎಂಬ ಸಂಕೇತಪಟ್ಟಿ ಮೊದಲೇ ಸಿದ್ಧವಿರಬೇಕು. ಇಬ್ಬರು ಅವಲೋಕಕರು ಪ್ರತ್ಯೇಕವಾಗಿ ಗುರುತು ಹಾಕಿ ತಾಳೆ ನೋಡುವುದು ರೂಢಿ.

ವ್ಯಕ್ತಿ ಅಧ್ಯಯನ. ಒಬ್ಬ ವ್ಯಕ್ತಿಯನ್ನೋ ಒಂದು ಅಪರೂಪದ ಸಂದರ್ಭವನ್ನೋ ಆಳವಾಗಿ ಪರಿಶೀಲಿಸುವ ವಿಧಾನವಿದು. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಮೆದುಳಿನ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ಕಳೆದುಕೊಂಡ ಹೆನ್ರಿ ಮೊಲೈಸನ್, ಹೊಸ ಸಂಗತಿಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡರು. ಆದರೂ ಕನ್ನಡಿಯಲ್ಲಿ ನೋಡಿಕೊಂಡು ಚಿತ್ರ ತಿದ್ದುವ ಕೈಚಳಕವನ್ನು ದಿನದಿಂದ ದಿನಕ್ಕೆ ಕಲಿತರು. ಹಿಂದಿನ ದಿನ ಅದನ್ನು ಮಾಡಿದ್ದು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ನಡೆಸಿದ ಈ ಅಧ್ಯಯನದಿಂದ ನೆನಪು ಒಂದೇ ಬಗೆಯದಲ್ಲವೆಂದು ತಿಳಿದುಬಂತು. ಇಂಥ ಸಂದರ್ಭವನ್ನು ಪ್ರಯೋಗದಿಂದ ಉಂಟುಮಾಡುವುದು ನೀತಿಯ ಪ್ರಕಾರ ಅಸಾಧ್ಯ. ಒಬ್ಬರಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನಕ್ಕೆ ಬರಲಾಗದಿರುವುದು ಈ ವಿಧಾನದ ಮಿತಿ.

ಸಮೀಕ್ಷೆ. ಸಂದರ್ಶನ ಅಥವಾ ಪ್ರಶ್ನಾವಳಿಯ ಮೂಲಕ ಅಭಿಪ್ರಾಯ, ಅಭ್ಯಾಸ, ರೋಗಲಕ್ಷಣಗಳನ್ನು ಸ್ವಯಂವರದಿಯಾಗಿ ಪಡೆಯುವುದು ಸಮೀಕ್ಷೆ. ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಹಂತಗಳುಳ್ಳ ಮಾಪನಿಯನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ಪರಿಚಯಿಸಿದರು. ಉತ್ತರಿಸುವವರು ಸಮಾಜ ಮೆಚ್ಚುವ ಉತ್ತರ ಕೊಡುವುದು, ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುವುದು ಇಲ್ಲಿನ ಹಳೆಯ ತೊಂದರೆಗಳು. ಬೇರೆ ಭಾಷೆಯಿಂದ ತಂದ ಪ್ರಶ್ನಾವಳಿಯಲ್ಲಿ ಭಾಷೆಯ ತೊಂದರೆಯೂ ಸೇರುತ್ತದೆ. ಕನ್ನಡದ ‘ಬೇಜಾರು’ ದುಃಖಕ್ಕೂ ಆಗುತ್ತದೆ, ಹೊತ್ತು ಹೋಗದಿರುವುದಕ್ಕೂ ಆಗುತ್ತದೆ, ಇನ್ನೊಬ್ಬರ ಮಾತಿನಿಂದಾದ ನೋವಿಗೂ ಆಗುತ್ತದೆ. ‘ಕಳೆದ ಎರಡು ವಾರಗಳಲ್ಲಿ ಬೇಜಾರಾಗಿತ್ತೇ?’ ಎಂಬ ಪ್ರಶ್ನೆಗೆ ಬಂದ ‘ಹೌದು’ ಖಿನ್ನತೆಯ ಲಕ್ಷಣವೆಂದು ಹೇಳಲಾಗದು. ಆತಂಕವನ್ನು ಜನ ‘ಟೆನ್ಷನ್’, ‘ತಲೆಬಿಸಿ’ ಎನ್ನುತ್ತಾರೆಯೇ ಹೊರತು ‘ಆತಂಕ’ ಎನ್ನುವುದು ಕಡಿಮೆ. ಆದ್ದರಿಂದ ಒಬ್ಬರು ಮಾಡಿದ ಅನುವಾದವನ್ನು ಮೂಲವನ್ನು ನೋಡಿರದ ಇನ್ನೊಬ್ಬರಿಂದ ಮೂಲಭಾಷೆಗೆ ಮರಳಿ ಅನುವಾದ ಮಾಡಿಸಿ ತಾಳೆ ನೋಡುತ್ತಾರೆ, ಬಳಿಕ ಸ್ಥಳೀಯರ ಸಣ್ಣ ಗುಂಪಿನಲ್ಲಿ ಪರೀಕ್ಷಿಸುತ್ತಾರೆ. ಓದುಬರಹ ಬಾರದವರಿಗೆ ಪ್ರಶ್ನೆಗಳನ್ನು ಓದಿ ಹೇಳಿ ಉತ್ತರ ಬರೆದುಕೊಳ್ಳುವಾಗ ಆ ಸಾಧನಕ್ಕೆ ಅನುಸೂಚಿ ಎಂದು ಹೆಸರು.

ಸಹಸಂಬಂಧ ಅಧ್ಯಯನ. ಎರಡು ಚಲಕಗಳನ್ನು ಇದ್ದಂತೆಯೇ ಅಳೆದು ಅವು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ನೋಡುವ ವಿಧಾನ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಪಾದದ ಅಳತೆ ದೊಡ್ಡದಾದಷ್ಟೂ ಪದಸಂಪತ್ತು ಹೆಚ್ಚು. ಪಾದ ಭಾಷೆಯನ್ನು ಕಲಿಸುವುದಿಲ್ಲ. ವಯಸ್ಸು ಎಂಬ ಮೂರನೆಯ ಚಲಕ ಎರಡನ್ನೂ ಬೆಳೆಸುತ್ತದೆ. ಮೂರನೆಯದು ಇಷ್ಟು ಸ್ಪಷ್ಟವಾಗಿ ಕಾಣದಿರುವುದೇ ಸಾಮಾನ್ಯ. ಮೊಬೈಲ್ ಬಳಕೆಗೂ ಖಿನ್ನತೆಗೂ ಸಂಬಂಧ ಕಂಡರೆ ಮೊಬೈಲಿನಿಂದ ಖಿನ್ನತೆಯೋ, ಖಿನ್ನತೆಯಿಂದ ಮೊಬೈಲೋ, ಎರಡಕ್ಕೂ ಬೇರೊಂದು ಕಾರಣವೋ ಎಂಬುದನ್ನು ಸಹಸಂಬಂಧವೊಂದೇ ಹೇಳಲಾರದು.

ಪ್ರಯೋಗ. ಕಾರಣವನ್ನು ಗುರುತಿಸಲು ಇರುವ ಅತ್ಯಂತ ಬಲವಾದ ವಿಧಾನ ಪ್ರಯೋಗ. ಭಾಗವಹಿಸುವವರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಪ್ರಾಯೋಗಿಕ ಗುಂಪು, ನಿಯಂತ್ರಿತ ಗುಂಪು ಎಂದು ಹಂಚಿ, ಸ್ವತಂತ್ರ ಚಲಕವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಸಮನಾಗಿಡುತ್ತಾರೆ. ಹಂಚಿಕೆ ಯಾದೃಚ್ಛಿಕವಾಗಿದ್ದರೆ ಸಂಶೋಧಕರಿಗೆ ಹೊಳೆಯದ ಬಾಹ್ಯ ಚಲಕಗಳೂ ಸರಾಸರಿಯಲ್ಲಿ ಎರಡೂ ಗುಂಪಿಗೆ ಸಮನಾಗಿ ಬೀಳುತ್ತವೆ. ಒಂದೇ ಗುಂಪಿಗೆ ಎರಡೂ ಸ್ಥಿತಿಗಳನ್ನು ಕೊಡುವ ವಿನ್ಯಾಸವೂ ಇದೆ. ಅಲ್ಲಿ ಅಭ್ಯಾಸ ಮತ್ತು ದಣಿವಿನ ಪ್ರಭಾವ ಅಳಿಸಲು ಅರ್ಧ ಜನರಿಗೆ ಸ್ಥಿತಿಗಳ ಕ್ರಮವನ್ನು ತಿರುಗಿಸುತ್ತಾರೆ. ಶಾಲೆ, ಆಸ್ಪತ್ರೆಗಳಲ್ಲಿ ಇರುವ ಗುಂಪುಗಳನ್ನು ಒಡೆಯಲಾಗದಿದ್ದಾಗ ನಡೆಸುವುದು ಅರೆಪ್ರಯೋಗ. ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ 1963ರಲ್ಲಿ ಅದರ ವಿನ್ಯಾಸಗಳನ್ನೂ ಅಪಾಯಗಳನ್ನೂ ಪಟ್ಟಿ ಮಾಡಿದರು.

ಪ್ರಯೋಗಕಾರರ ನಿರೀಕ್ಷೆಯೇ ಫಲಿತಾಂಶದೊಳಗೆ ಸೇರಿಕೊಳ್ಳುವ ಅಪಾಯಕ್ಕೆ ಶಾಸ್ತ್ರೀಯ ನಿದರ್ಶನ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ. ಲೆಕ್ಕ ಕೇಳಿದರೆ ಅದು ಗೊರಸು ಬಡಿದು ಸರಿಯುತ್ತರ ಕೊಡುತ್ತಿತ್ತು. ಮಾಲೀಕ ಎದುರಿಗಿಲ್ಲದಾಗಲೂ ಕೊಡುತ್ತಿತ್ತಾದ್ದರಿಂದ ಮೋಸದ ಶಂಕೆ ನಿಲ್ಲಲಿಲ್ಲ. ಓಸ್ಕರ್ ಫುಂಗ್ಸ್ಟ್ 1907ರಲ್ಲಿ ವರದಿ ಮಾಡಿದ ಪರೀಕ್ಷೆಗಳಲ್ಲಿ ಕೇಳುವವರಿಗೇ ಉತ್ತರ ತಿಳಿಯದಂತೆ ಮಾಡಿದಾಗ ಕುದುರೆಯೂ ಸೋತಿತು. ಸರಿಯಾದ ಎಣಿಕೆ ಬಂದೊಡನೆ ಕೇಳುವವರ ತಲೆ ತಮಗರಿವಿಲ್ಲದೆ ಅಲುಗುತ್ತಿತ್ತು. ಕುದುರೆ ಓದುತ್ತಿದ್ದುದು ಅದನ್ನು. ಯಾರು ಯಾವ ಗುಂಪಿನಲ್ಲಿದ್ದಾರೆಂಬುದು ಭಾಗವಹಿಸುವವರಿಗೂ ಅಳೆಯುವವರಿಗೂ ತಿಳಿಯದಂತೆ ನಡೆಸುವ ಉಭಯಾಂಧ ಕ್ರಮ ಇಂಥ ಅಪಾಯವನ್ನು ತಡೆಯುತ್ತದೆ.

ಮಾದರಿ

ಸಮಷ್ಟಿಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶವಿದ್ದರೆ ಅದು ಸರಳ ಯಾದೃಚ್ಛಿಕ ಮಾದರಿ. ಊರು, ಲಿಂಗ, ಭಾಷೆಗಳ ಪ್ರಕಾರ ಸಮಷ್ಟಿಯನ್ನು ಭಾಗ ಮಾಡಿ ಪ್ರತಿ ಭಾಗದಿಂದಲೂ ಆರಿಸುವುದು ಸ್ತರೀಕೃತ ಮಾದರಿ. ಕೈಗೆ ಸಿಕ್ಕವರನ್ನು ಸೇರಿಸಿಕೊಳ್ಳುವುದು ಅನುಕೂಲ ಮಾದರಿ; ಬಹುಪಾಲು ಮನೋವಿಜ್ಞಾನ ಪ್ರಯೋಗಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಿರುವುದು ಈ ಕಾರಣಕ್ಕೆ. ಮಾದರಿ ದೊಡ್ಡದಾದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆಯಿತು, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಆರಿಸಿದ್ದು ಒಂದು ಕಾರಣ. ಉತ್ತರಿಸಿದವರು ಉತ್ತರಿಸದವರಿಗಿಂತ ಬೇರೆ ಒಲವಿನವರಾಗಿದ್ದುದು ಇನ್ನೊಂದು.

ವಿವರಣಾತ್ಮಕ ಸಂಖ್ಯಾಶಾಸ್ತ್ರ

ದತ್ತಾಂಶವನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿದಿಡುವ ಭಾಗವಿದು. 20 ಪದಗಳ ಪಟ್ಟಿಯನ್ನು ಕೇಳಿದ ಹತ್ತು ವಿದ್ಯಾರ್ಥಿಗಳು ಕ್ರಮವಾಗಿ 6, 8, 9, 9, 10, 10, 10, 11, 12, 15 ಪದಗಳನ್ನು ನೆನಪಿಸಿಕೊಂಡರೆಂದು ಭಾವಿಸೋಣ. ಒಟ್ಟು 100, ಆದ್ದರಿಂದ ಸರಾಸರಿ 10. ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬೀಳುವ ಬೆಲೆ, ಅಂದರೆ ಮಧ್ಯಾಂಕ, ಅದೂ 10. ಹೆಚ್ಚು ಸಲ ಬಂದ ಬೆಲೆಯಾದ ಬಹುಲಕವೂ 10. ಕೊನೆಯ ವಿದ್ಯಾರ್ಥಿ 15ರ ಬದಲು 20 ಪದಗಳನ್ನೂ ಹೇಳಿಬಿಟ್ಟರೆ ಸರಾಸರಿ 10.5ಕ್ಕೆ ಏರುತ್ತದೆ, ಮಧ್ಯಾಂಕ ಕದಲುವುದಿಲ್ಲ. ಕೆಲವೇ ದೊಡ್ಡ ಬೆಲೆಗಳು ಎಳೆಯುವ ಆದಾಯದಂಥ ಚಲಕಗಳಿಗೆ ಮಧ್ಯಾಂಕವನ್ನು ಬಳಸುವುದು ಇದಕ್ಕಾಗಿ.

ಸರಾಸರಿಯ ಸುತ್ತ ಅಂಕಗಳು ಎಷ್ಟು ಚದುರಿವೆ ಎಂಬುದನ್ನು ಮಾನಕ ವಿಚಲನೆ ತಿಳಿಸುತ್ತದೆ. ಮೇಲಿನ ಮೊದಲ ಪಟ್ಟಿಯಲ್ಲಿ ಪ್ರತಿ ಅಂಕವೂ ಸರಾಸರಿಯಿಂದ ಇರುವ ದೂರವನ್ನು ವರ್ಗ ಮಾಡಿ ಕೂಡಿದರೆ 52 ಬರುತ್ತದೆ. ಅದನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 2.4. ಹತ್ತರ ಬದಲು ಒಂಬತ್ತರಿಂದ ಭಾಗಿಸಲು ಕಾರಣವಿದೆ: ದೂರಗಳನ್ನು ಅಳೆದದ್ದು ಸಮಷ್ಟಿಯ ಸರಾಸರಿಯಿಂದಲ್ಲ, ಮಾದರಿಯ ಸ್ವಂತ ಸರಾಸರಿಯಿಂದ, ಹೀಗೆ ಅಳೆದಾಗ ಚದುರುವಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆ ಕೊರತೆಯನ್ನು ಒಂದು ಕಳೆದ ಭಾಜಕ ತುಂಬುತ್ತದೆ.

ಬಹುಸಂಖ್ಯೆಯ ಸಣ್ಣ ಕಾರಣಗಳು ಕೂಡಿ ಉಂಟಾಗುವ ಅಳತೆಗಳು ಹಲವೊಮ್ಮೆ ಗಂಟೆಯ ಆಕಾರದ ಪ್ರಸಾಮಾನ್ಯ ವಕ್ರರೇಖೆಯಂತೆ ಹರಡಿಕೊಳ್ಳುತ್ತವೆ. ಅದರಲ್ಲಿ ಸುಮಾರು ಶೇ. 68 ಬೆಲೆಗಳು ಸರಾಸರಿಯಿಂದ ಒಂದು ಮಾನಕ ವಿಚಲನೆಯೊಳಗೆ, ಶೇ. 95 ಎರಡರೊಳಗೆ ಬರುತ್ತವೆ. ಬುದ್ಧಿಪರೀಕ್ಷೆಗಳನ್ನು ಸರಾಸರಿ 100, ಮಾನಕ ವಿಚಲನೆ 15 ಆಗುವಂತೆ ಹೊಂದಿಸುವುದರಿಂದ ಮೂವರಲ್ಲಿ ಇಬ್ಬರು 85 ಮತ್ತು 115ರ ನಡುವೆ ಇರುತ್ತಾರೆ.

ಎರಡು ಚಲಕಗಳ ನಂಟನ್ನು ಹೇಳುವ ಸಹಸಂಬಂಧ ಗುಣಾಂಕ −1ರಿಂದ +1ರವರೆಗೆ ಇರುತ್ತದೆ. ಅದರ ವರ್ಗವು ಒಂದರ ಏರಿಳಿತದಲ್ಲಿ ಎಷ್ಟು ಪಾಲು ಇನ್ನೊಂದರಿಂದ ಮುನ್ಸೂಚಿಸಬಹುದೆಂದು ತಿಳಿಸುತ್ತದೆ, 0.5 ಗುಣಾಂಕಕ್ಕೆ ಈ ಪಾಲು ಶೇ. 25 ಮಾತ್ರ. ಸಹಸಂಬಂಧ ಪೂರ್ಣವಾಗಿಲ್ಲದಲ್ಲೆಲ್ಲ ಗಾಲ್ಟನ್ ಕಂಡ ಸರಾಸರಿಗೆ ಮರಳುವಿಕೆ ಎದುರಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದವರನ್ನಷ್ಟೇ ಆರಿಸಿ ವಿಶೇಷ ತರಗತಿ ನಡೆಸಿದರೆ ಎರಡನೆಯ ಪರೀಕ್ಷೆಯಲ್ಲಿ ಅವರ ಸರಾಸರಿ ಏರುತ್ತದೆ. ತರಗತಿ ನಡೆಸದಿದ್ದರೂ ಒಂದಿಷ್ಟು ಏರುತ್ತಿತ್ತು. ನಿಯಂತ್ರಿತ ಗುಂಪಿಲ್ಲದ ಸುಧಾರಣೆಯ ವರದಿಗಳನ್ನು ಓದುವಾಗ ಇದು ಗಮನದಲ್ಲಿರಬೇಕಾದ ಅಂಶ.

ಅನುಮಾನಾತ್ಮಕ ಸಂಖ್ಯಾಶಾಸ್ತ್ರ

ಮಾದರಿಯಿಂದ ಸಮಷ್ಟಿಯ ಬಗ್ಗೆ ತರ್ಕಿಸುವ ಭಾಗವಿದು. ‘ಅನುಮಾನ’ ಇಲ್ಲಿ ಆಡುಮಾತಿನ ಸಂಶಯವಲ್ಲ, ಹೊಗೆಯಿಂದ ಬೆಂಕಿಯನ್ನು ಊಹಿಸುವ ತರ್ಕಶಾಸ್ತ್ರದ ಅನುಮಾನ. ಸಂಶಯದ ಪಾಲನ್ನೂ ಲೆಕ್ಕಕ್ಕೆ ತಂದುಕೊಳ್ಳುವುದರಿಂದ ಎರಡನೆಯ ಅರ್ಥವೂ ತೀರ ಅಸಂಗತವೇನಲ್ಲ.

ಪರಿಣಾಮವೇನೂ ಇಲ್ಲ ಎಂದು ಮೊದಲು ಭಾವಿಸುವುದು ಶೂನ್ಯ ಪ್ರಾಕ್ಕಲ್ಪನೆ. ಫಿಶರ್ 1935ರ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬಟ್ಟಲಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎನ್ನುವ ಮಹಿಳೆಗೆ, ಎರಡೂ ಬಗೆಯ ನಾಲ್ಕು ನಾಲ್ಕು ಬಟ್ಟಲುಗಳನ್ನು ಬೆರೆಸಿ ಕೊಡಲಾಗುತ್ತದೆ. ಎಂಟರಲ್ಲಿ ನಾಲ್ಕನ್ನು ಆರಿಸುವ ರೀತಿಗಳು 70. ಆಕೆಗೆ ಯಾವ ಶಕ್ತಿಯೂ ಇಲ್ಲದಿದ್ದರೆ ಎಲ್ಲವನ್ನೂ ಸರಿಯಾಗಿ ಗುರುತಿಸುವ ಸಂಭವ 70ರಲ್ಲಿ 1, ಸುಮಾರು 0.014. ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ವಿಪರೀತವಾದ ಫಲ ಬರುವ ಈ ಸಂಭವವೇ ಪಿ-ಬೆಲೆ. ಅದು 0.05ಕ್ಕಿಂತ ಕಡಿಮೆಯಾದರೆ ಫಲವನ್ನು ಸಾರ್ಥಕವೆಂದು ಕರೆಯುವುದು ರೂಢಿ. 0.05ರ ಗೆರೆ ಒಂದು ಒಡಂಬಡಿಕೆ ಮಾತ್ರ. ಪಿ-ಬೆಲೆಯನ್ನು ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವವೆಂದು ಓದುವುದು ಬಹಳ ವ್ಯಾಪಕವಾದ ತಪ್ಪು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಈ ಬಗ್ಗೆ ವಿಶೇಷ ಹೇಳಿಕೆಯನ್ನೇ ಹೊರಡಿಸಿತು.

ಎರಡು ಬಗೆಯ ತಪ್ಪುಗಳು ಸಾಧ್ಯ. ಇಲ್ಲದ ಪರಿಣಾಮವನ್ನು ಇದೆ ಎನ್ನುವುದು ಮೊದಲ ಬಗೆ, ಇರುವುದನ್ನು ಇಲ್ಲವೆನ್ನುವುದು ಎರಡನೆಯ ಬಗೆ. ಈ ವಿಂಗಡಣೆ ಜೆರ್ಜಿ ನೇಮನ್ ಮತ್ತು ಇಗಾನ್ ಪಿಯರ್ಸನ್ ಅವರದು. ಇರುವ ಪರಿಣಾಮವನ್ನು ಪತ್ತೆ ಹಚ್ಚುವ ಸಂಭವಕ್ಕೆ ಪರೀಕ್ಷೆಯ ಸಾಮರ್ಥ್ಯ ಎನ್ನುತ್ತಾರೆ.

ಮೇಲಿನ ಪದಪಟ್ಟಿಯ ಉದಾಹರಣೆಯನ್ನೇ ಮುಂದುವರಿಸಬಹುದು. ಪದಗಳನ್ನು ಹಣ್ಣು, ಪ್ರಾಣಿ, ಪಾತ್ರೆ ಎಂದು ಗುಂಪು ಮಾಡಿಕೊಳ್ಳಲು ಹೇಳಿಕೊಟ್ಟ ಇನ್ನೊಂದು ಹತ್ತು ವಿದ್ಯಾರ್ಥಿಗಳ ಸರಾಸರಿ 12, ಮಾನಕ ವಿಚಲನೆ ಅದೇ 2.4 ಎಂದಿಟ್ಟುಕೊಳ್ಳೋಣ. ಎರಡು ಸರಾಸರಿಗಳ ವ್ಯತ್ಯಾಸವನ್ನು ಅದರ ಮಾನಕ ದೋಷದಿಂದ, ಅಂದರೆ ಆ ವ್ಯತ್ಯಾಸ ಮಾದರಿಯಿಂದ ಮಾದರಿಗೆ ಎಷ್ಟು ಏರಿಳಿಯಬಹುದೆಂಬ ಅಂದಾಜಿನಿಂದ, ಭಾಗಿಸಿದರೆ ಟಿ-ಬೆಲೆ 1.86 ಬರುತ್ತದೆ, ಸಾರ್ಥಕತೆಗೆ ಬೇಕಾದದ್ದು 2.10. ಅಂದರೆ ಎರಡು ಪದಗಳ ಈ ವ್ಯತ್ಯಾಸ ಸಾರ್ಥಕವಲ್ಲ. ಪ್ರತಿ ಗುಂಪಿನಲ್ಲಿ ಇಪ್ಪತ್ತು ಜನರಿದ್ದು ಸರಾಸರಿಗಳೂ ವಿಚಲನೆಗಳೂ ಹಾಗೆಯೇ ಇದ್ದಿದ್ದರೆ ಟಿ-ಬೆಲೆ 2.63ಕ್ಕೇರಿ, ಆಗ ಬೇಕಾದ 2.02ನ್ನು ದಾಟುತ್ತಿತ್ತು. ಬೋಧನಕ್ರಮದ ಪರಿಣಾಮ ಎರಡೂ ಕಡೆ ಒಂದೇ. ಬದಲಾದದ್ದು ಜನರ ಸಂಖ್ಯೆ. ಆದ್ದರಿಂದ ಸಾರ್ಥಕತೆಯ ಜೊತೆಗೆ ಪರಿಣಾಮದ ಗಾತ್ರವನ್ನೂ ವರದಿ ಮಾಡಬೇಕು. ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿದಾಗ ಬರುವ ಕೋಹೆನ್ ಡಿ ಇಲ್ಲಿ 0.83. ಜೇಕಬ್ ಕೋಹೆನ್ ಅವರ ಸ್ಥೂಲ ಅಳತೆಗೋಲಿನಲ್ಲಿ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು. ಮಧ್ಯಮ ಗಾತ್ರದ ಪರಿಣಾಮವನ್ನು ಶೇ. 80ರ ಸಾಮರ್ಥ್ಯದಿಂದ ಹಿಡಿಯಲು ಪ್ರತಿ ಗುಂಪಿನಲ್ಲಿ 64 ಜನ ಬೇಕು; ಸಣ್ಣದಕ್ಕೆ 390ಕ್ಕೂ ಹೆಚ್ಚು.

ಎರಡಕ್ಕಿಂತ ಹೆಚ್ಚು ಗುಂಪುಗಳ ಸರಾಸರಿಗಳಿಗೆ ವ್ಯತ್ಯಯ ವಿಶ್ಲೇಷಣೆ, ಎಣಿಕೆಯ ದತ್ತಾಂಶಕ್ಕೆ ಕೈ-ವರ್ಗ, ಕ್ರಮ ಮಾಪನಕ್ಕೆ ಸ್ಪಿಯರ್‌ಮನ್ ಸಹಸಂಬಂಧದಂಥ, ಪ್ರಸಾಮಾನ್ಯ ಹರಡುವಿಕೆಯನ್ನು ಭಾವಿಸದ ಅಪ್ರಾಚಲಿಕ ಪರೀಕ್ಷೆಗಳು ಬಳಕೆಯಲ್ಲಿವೆ.

ನೀತಿಸಂಹಿತೆ

ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಒಂದು ವರ್ಷವೂ ತುಂಬದ ಮಗುವಿಗೆ ಇಲಿಯನ್ನು ಕಂಡರೆ ಭಯವಾಗುವಂತೆ ಕಲಿಸಿದರು; ಆ ಭಯವನ್ನು ತೊಡೆಯಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್ಗ್ರಾಮ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಜನರಲ್ಲಿ 26 ಮಂದಿ ಆಜ್ಞೆಗೆ ಮಣಿದು, ಇನ್ನೊಬ್ಬರಿಗೆ 450 ವೋಲ್ಟ್ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿ ಕೊನೆಯ ಗುಂಡಿಯವರೆಗೂ ಒತ್ತಿದರು. ಆಘಾತ ಹುಸಿಯಾಗಿತ್ತು, ಭಾಗವಹಿಸಿದವರು ಅನುಭವಿಸಿದ ಯಾತನೆ ಹುಸಿಯಲ್ಲ. ಇಂಥ ಪ್ರಕರಣಗಳಿಂದಾಗಿ ತಿಳಿದು ಕೊಟ್ಟ ಸಮ್ಮತಿ, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು, ಗೋಪ್ಯತೆ, ಪ್ರಯೋಗದ ಬಳಿಕ ನಿಜಾಂಶದ ವಿವರಣೆ ಕಡ್ಡಾಯವಾದವು. ಅಮೆರಿಕದ 1979ರ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತ, ನ್ಯಾಯ ಎಂಬ ಮೂರು ತತ್ತ್ವಗಳನ್ನು ನಿರೂಪಿಸಿತು. ಭಾರತದಲ್ಲಿ ಮನುಷ್ಯರ ಮೇಲಿನ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅನ್ವಯಿಸುತ್ತದೆ. ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ದತ್ತಾಂಶ ಸಂಗ್ರಹ ಆರಂಭಿಸುವಂತಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಾಠವೂ ಪ್ರಯೋಗಶಾಲೆಯೂ ಆರಂಭವಾದವು. ಅಲ್ಲಿನ ಪಠ್ಯಕ್ರಮವನ್ನು ರೂಪಿಸಿದ್ದ ಬ್ರಜೇಂದ್ರನಾಥ ಸೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಅವಧಿಯಲ್ಲೇ, 1924ರಲ್ಲಿ, ಮೈಸೂರಿನ ಮನೋವಿಜ್ಞಾನ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದವರು. ಲೈಪ್‌ಜಿಗ್‌ನ ಪ್ರಯೋಗಪರಂಪರೆ ಹೀಗೆ ಎರಡು ತಲೆಮಾರಿನಲ್ಲಿ ಮೈಸೂರಿಗೆ ಮುಟ್ಟಿತು. ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಬಿನೆ ಎಂಬವರು ರೂಪಿಸಿದ್ದ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1930ರ ದಶಕದಲ್ಲಿ ಸಿದ್ಧಪಡಿಸಿದ ಬಿನೆ–ಕಾಮತ್ ಪರೀಕ್ಷೆ ಈ ನಾಡಿನ ಮಕ್ಕಳ ಮೇಲೆಯೇ ಮಾನಕಗೊಳಿಸಿದ ಆರಂಭಿಕ ಸಾಧನಗಳಲ್ಲೊಂದು.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಬಹುಹಂತದ ಸ್ತರೀಕೃತ ಮಾದರಿಯ ದೊಡ್ಡ ನಿದರ್ಶನ, ವಯಸ್ಕರಲ್ಲಿ ಶೇ. 10.6 ಮಂದಿಗೆ ಸಮೀಕ್ಷೆಯ ವೇಳೆ ಮಾನಸಿಕ ಅಸ್ವಸ್ಥತೆ ಇತ್ತೆಂದು ಅದು ಅಂದಾಜು ಮಾಡಿತು. ಅದರ ಪೂರ್ವಪರೀಕ್ಷೆ ನಡೆದದ್ದು ಕೋಲಾರ ಜಿಲ್ಲೆಯಲ್ಲಿ. ಸಂಖ್ಯಾಶಾಸ್ತ್ರದ ಕಡೆಯಿಂದ, ಪಿ. ಸಿ. ಮಹಾಲನೋಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಬೆಳೆದ ಸಿ. ಆರ್. ರಾವ್ (1920–2023) ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಯಾವುದೇ ಅಂದಾಜಿನ ನಿಖರತೆಗೆ ಒಂದು ಮಿತಿಯಿದೆ ಎಂದು ತೋರಿಸುವ, 1945ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅವರ ಮತ್ತು ಅದನ್ನೇ ಸ್ವತಂತ್ರವಾಗಿ ಕಂಡುಕೊಂಡ ಕ್ರಾಮೆರ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಇಂದಿನ ಸ್ಥಿತಿ

2011ರಲ್ಲಿ ಜೋಸೆಫ್ ಸಿಮನ್ಸ್ ಮತ್ತು ಇಬ್ಬರು ಸಹೋದ್ಯೋಗಿಗಳು ಅಂದಿನ ರೂಢಿಯ ವಿಶ್ಲೇಷಣಾಕ್ರಮಗಳನ್ನೇ ಬಳಸಿ, ಬೀಟಲ್ಸ್ ತಂಡದ ಒಂದು ಹಾಡು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಗುತ್ತದೆಂದು ‘ಸಾಬೀತು’ ಮಾಡಿ ತೋರಿಸಿದರು. ಹಲವು ಚಲಕಗಳನ್ನು ಅಳೆದು ಗೆದ್ದದ್ದನ್ನಷ್ಟೇ ವರದಿ ಮಾಡಿದರೆ ಇಂಥ ಅಸಂಬದ್ಧವೂ ಸಾರ್ಥಕವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಪರಿಣಾಮವೇ ಇಲ್ಲದ 20 ಸ್ವತಂತ್ರ ಪರೀಕ್ಷೆಗಳಲ್ಲಿ ಒಂದಾದರೂ ಸಾರ್ಥಕವೆನಿಸುವ ಸಂಭವ ಶೇ. 64. ಸಾರ್ಥಕವಲ್ಲದ ಫಲಿತಾಂಶಗಳು ಪ್ರಕಟವಾಗದೆ ಮೇಜಿನ ಖಾನೆಯಲ್ಲೇ ಉಳಿಯುವ ಸಮಸ್ಯೆಯನ್ನು ರಾಬರ್ಟ್ ರೋಸೆಂಥಾಲ್ 1979ರಲ್ಲೇ ಗುರುತಿಸಿದ್ದರು. 2015ರಲ್ಲಿ ಪ್ರಕಟವಾದ ಸಾಮೂಹಿಕ ಯತ್ನದಲ್ಲಿ ಮೂರು ಪ್ರಮುಖ ಪತ್ರಿಕೆಗಳ 100 ಅಧ್ಯಯನಗಳನ್ನು ಮತ್ತೆ ನಡೆಸಲಾಯಿತು. ಮೂಲದಲ್ಲಿ ಶೇ. 97 ಸಾರ್ಥಕವಾಗಿದ್ದವು, ಮರುನಡೆಸಿದಾಗ ಶೇ. 36 ಮಾತ್ರ. ಪರಿಣಾಮದ ಗಾತ್ರ ಸರಾಸರಿಯಲ್ಲಿ ಅರ್ಧಕ್ಕೆ ಇಳಿದಿತ್ತು.

ಇದರ ಬೆನ್ನಿಗೆ ಪ್ರಾಕ್ಕಲ್ಪನೆ ಮತ್ತು ವಿಶ್ಲೇಷಣೆಯ ಯೋಜನೆಯನ್ನು ದತ್ತಾಂಶ ಸಂಗ್ರಹಕ್ಕೆ ಮುನ್ನವೇ ಬಹಿರಂಗವಾಗಿ ನೋಂದಾಯಿಸುವುದು, ದತ್ತಾಂಶವನ್ನು ಎಲ್ಲರಿಗೂ ತೆರೆದಿಡುವುದು, ಫಲಿತಾಂಶ ಬರುವ ಮೊದಲೇ ಯೋಜನೆಯ ಗುಣ ನೋಡಿ ಪ್ರಕಟಣೆಗೆ ಒಪ್ಪುವುದು ರೂಢಿಗೆ ಬಂದಿವೆ. ‘ಆರ್’ ಮತ್ತು ‘ಜ್ಯಾಸ್ಪ್’ನಂಥ ಉಚಿತ ತಂತ್ರಾಂಶಗಳಿಂದ ಲೆಕ್ಕಾಚಾರದ ವೆಚ್ಚ ಇಲ್ಲವಾಗಿದೆ. ಮಾದರಿಯ ಹೊರಗುಳಿದವರ ಸಮಸ್ಯೆ ಮಾತ್ರ ಬಹುತೇಕ ಹಾಗೆಯೇ ಇದೆ: ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಉಲ್ಲೇಖಿಸಿದ ಎಣಿಕೆಯಂತೆ ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96 ಮಂದಿ, ಜಗತ್ತಿನ ಜನಸಂಖ್ಯೆಯ ಶೇ. 12 ಮಾತ್ರ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು.

ಮಾನಕಗಳು ಹಳತಾಗುವುದು ಇನ್ನೊಂದು ಸಮಸ್ಯೆ. 20ನೆಯ ಶತಮಾನದಲ್ಲಿ ಹಲವು ದೇಶಗಳ ಬುದ್ಧಿಪರೀಕ್ಷೆಯ ಅಂಕಗಳು ತಲೆಮಾರಿನಿಂದ ತಲೆಮಾರಿಗೆ ಏರಿದ್ದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ದಾಖಲಿಸಿದರು. ಹಳೆಯ ಮಾನಕಗಳಿಗೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬೌದ್ಧಿಕ ಅಸಾಮರ್ಥ್ಯವನ್ನು ಗುರುತಿಸುವಲ್ಲಿ ಈ ಉಬ್ಬರದಿಂದ ನೆರವು ಬೇಕಾದ ಮಗುವೇ ತಪ್ಪಿಹೋಗಬಹುದು. ಬಿನೆ–ಕಾಮತ್ ಪರೀಕ್ಷೆಯ ಮಾನಕಗಳು ಅರ್ಧ ಶತಮಾನಕ್ಕೂ ಹಳೆಯವು. ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.